ಕಥೆ ಬರೆದಾಯಿತು, ಎಲ್ಲಿಗೆ ಕಳಿಸುವುದು?

ಮೊದಲು ನೀವು ಕಳಿಸಬೇಕೆಂದಿರುವ ಪತ್ರಿಕೆಯ ನಾಲ್ಕೈದು ಸಂಚಿಕೆ ಓದಿ, ಅಲ್ಲಿ ಬಂದ ಕಥೆಗಳ ಪದಗಳನ್ನು ಎಣಿಸಿ. ಸುಧಾ, ತರಂಗದಂಥ ವಾರಪತ್ರಿಕೆಗಳಲ್ಲಿ ಪುಟ ಕಡಿಮೆ. ಉದ್ದದ ಕಥೆಗೆ ಮಯೂರ, ತುಷಾರದಂಥ ಮಾಸಿಕಗಳೇ ವಾಸಿ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳ ಪ್ರಕಟಣೆ ಹಬ್ಬಕ್ಕೆ ತಿಂಗಳುಗಳ ಮೊದಲೇ ಬರುತ್ತದೆ. ಹಬ್ಬ ಹತ್ತಿರ ಬಂದಾಗ ಹುಡುಕಿದರೆ ಗಡುವು ಮುಗಿದಿರುತ್ತದೆ.

ಹೆಚ್ಚು ಎಡವುವುದು ಅಕ್ಷರದಲ್ಲಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪಿಸಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ; ಪರಿವರ್ತಕಗಳು ಕೆಡಿಸುವುದು ಅಲ್ಲೇ. ವರ್ಡ್ ಕಡತ ಕಳಿಸಿ, ಪಿಡಿಎಫ್ ಜೊತೆಗಿರಲಿ. ಮೊಬೈಲಿನಲ್ಲಿ ತೆಗೆದ ಪುಟದ ಫೋಟೊ ದಯವಿಟ್ಟು ಬೇಡ, ಅದನ್ನು ಮತ್ತೆ ಟೈಪಿಸುವವರು ಯಾರು?

ಫೇಸ್‌ಬುಕ್ಕಿಗೋ ಪ್ರತಿಲಿಪಿ ಎಂಬ ಕಥಾತಾಣಕ್ಕೋ ಒಮ್ಮೆ ಹಾಕಿದ ಕಥೆಯನ್ನು ಬಹುತೇಕ ಸ್ಪರ್ಧೆಗಳು ಪ್ರಕಟಿತ ಎಂದೇ ಎಣಿಸಿ ಬದಿಗಿಡುತ್ತವೆ. ಕೆಂಡಸಂಪಿಗೆಯಂಥ ಜಾಲಪತ್ರಿಕೆಯಲ್ಲಿ ಬಂದದ್ದಕ್ಕೂ ಇದೇ ಮಾತು.

ಒಂದೇ ಕಥೆಯನ್ನು ಏಕಕಾಲಕ್ಕೆ ಇಬ್ಬರಿಗೆ ಕಳಿಸಬೇಡಿ. ಮೂರು ತಿಂಗಳಾದರೂ ಉತ್ತರ ಬಾರದಿದ್ದರೆ, ಹಿಂಪಡೆಯುತ್ತಿದ್ದೇನೆಂದು ಎರಡು ಸಾಲು ಬರೆದು ಬೇರೆಡೆಗೆ ಕಳಿಸಿ. ಕಳಿಸಿದ ದಿನಾಂಕ ಡೈರಿಯಲ್ಲಿರಲಿ.