ಬೋರ್ಡ್ ಯಾವ ಪೋರ್ಟ್‌ನಲ್ಲಿದೆ ಅಂತ ಕೋಡ್‌ಗೆ ಗೊತ್ತಾಗೋದು ಹೇಗೆ?

“ಲ್ಯಾಪ್‌ಟಾಪ್‌ನಲ್ಲಿ ಪೋರ್ಟಿನ ಹೆಸರು ಕಾಮ್3 ಅಂತ ಬರೆದ ಪೈಥಾನ್ ಪ್ರೋಗ್ರಾಂ ಕಾಲೇಜಿನ ಕಂಪ್ಯೂಟರಿನಲ್ಲಿ ಓಡುತ್ತಿಲ್ಲ. ಪೋರ್ಟನ್ನು ಕೋಡೇ ಹುಡುಕಿಕೊಳ್ಳಬಹುದಾ?” ಆರ್ಡುಯಿನೊ (ಯುಎಸ್‌ಬಿಯಿಂದ ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಹಿಡಿದವರು ಪದೇ ಪದೇ ಕೇಳುವ ಪ್ರಶ್ನೆ.

ಹುಡುಕಿಕೊಳ್ಳಬಹುದು. ಆದರೆ ಕಾಮ್1ರಿಂದ 256ರವರೆಗೆ ಒಂದೊಂದನ್ನೂ ತೆರೆದು ನೋಡುವ ದಾರಿ ಬೇಡ. ಬೇರೆ ಪ್ರೋಗ್ರಾಂ ಹಿಡಿದಿಟ್ಟುಕೊಂಡ ಪೋರ್ಟ್ ತೆರೆಯುವುದಿಲ್ಲ, ಹಾಗಾಗಿ ಇದ್ದದ್ದೂ ಇಲ್ಲದಂತೆ ಕಾಣುತ್ತದೆ. ಬ್ಲೂಟೂತ್ ಪೋರ್ಟ್ ಅಡ್ಡ ಬಂದರೆ ಸೆಕೆಂಡುಗಟ್ಟಲೆ ಕಾಯಬೇಕು. ಜೊತೆಗೆ, ಪೋರ್ಟ್ ತೆರೆದ ಕೂಡಲೇ ಕಂಪ್ಯೂಟರ್ ಕಳಿಸುವ ಡಿಟಿಆರ್ ಎಂಬ ಸಿಗ್ನಲ್‌ನಿಂದ ಆರ್ಡುಯಿನೊ ಊನೊ ರೀಸೆಟ್ ಆಗುತ್ತದೆ. ಬರೀ ಹುಡುಕಾಟಕ್ಕೆ ಓಡುತ್ತಿದ್ದ ಕೆಲಸ ನಿಲ್ಲುತ್ತದೆ.

ಪೋರ್ಟುಗಳ ಪಟ್ಟಿ ಆಪರೇಟಿಂಗ್ ಸಿಸ್ಟಂ ಬಳಿ ಮೊದಲೇ ಇದೆ, ಕೇಳಿದರೆ ಸಾಕು. ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್‌ನಿಂದ ‘ಪೈಸೀರಿಯಲ್’ ಹಾಕಿಕೊಳ್ಳಿ. ‘ಸೀರಿಯಲ್’ ಎಂಬ ಪ್ಯಾಕೇಜ್ ಬೇರೆಯೇ. ಪೈಸೀರಿಯಲನ್ನು ಇಂಪೋರ್ಟ್ ಮಾಡುವಾಗ ಮಾತ್ರ ಹೆಸರು ‘ಸೀರಿಯಲ್’ ಆಗಿರುವುದರಿಂದ ಹಲವರು ಎಡವುವುದು ಇಲ್ಲೇ. ಪೈಸೀರಿಯಲ್‌ನ ಟೂಲ್ಸ್ ಒಳಗಿನ ಲಿಸ್ಟ್ ಪೋರ್ಟ್ಸ್ ಮಾಡ್ಯೂಲಿನಲ್ಲಿ ಕಾಮ್‌ಪೋರ್ಟ್ಸ್ ಫಂಕ್ಷನ್ ಇದೆ. ಕರೆದರೆ ಪ್ರತಿ ಪೋರ್ಟಿನ ಹೆಸರು, ವಿವರಣೆ, ವಿಐಡಿ (ಯುಎಸ್‌ಬಿ ಸಾಧನದ ತಯಾರಕರ ಸಂಖ್ಯೆ), ಪಿಐಡಿ (ಸಾಧನದ ಮಾದರಿಯ ಸಂಖ್ಯೆ) ಸಿಗುತ್ತವೆ.

ಪೋರ್ಟಿನ ಹೆಸರು ಕಂಪ್ಯೂಟರಿಂದ ಕಂಪ್ಯೂಟರಿಗೆ ಬದಲಾಗುತ್ತದೆ, ವಿಐಡಿ–ಪಿಐಡಿ ಜೋಡಿ ಬದಲಾಗುವುದಿಲ್ಲ. ಗುರುತು ಹಿಡಿಯಬೇಕಾದ್ದು ಅದರಿಂದಲೇ. ಅಗ್ಗದ ಆರ್ಡುಯಿನೊ ನ್ಯಾನೊ ಬೋರ್ಡುಗಳಲ್ಲಿ ಯುಎಸ್‌ಬಿ ಸಂಪರ್ಕಕ್ಕೆ ಸಾಮಾನ್ಯವಾಗಿರುವ ಸಿಎಚ್340 ಚಿಪ್ಪಿಗೆ ಇದು ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆಯಲ್ಲಿ) 1ಎ86, 7523. ಆದರೆ ಪೈಸೀರಿಯಲ್ ಕೊಡುವುದು ಪೂರ್ಣಾಂಕ: ಪ್ರಿಂಟ್ ಮಾಡಿದರೆ 6790, 29987 ಅಂತ ಬರುತ್ತದೆ. ಹೆಕ್ಸನ್ನು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗಾಗಿ ಬರೆದು ಹೋಲಿಸಿದರೆ ಯಾವತ್ತೂ ತಾಳೆಯಾಗದು. ಯುಎಸ್‌ಬಿ ಅಲ್ಲದ ಪೋರ್ಟುಗಳಲ್ಲಿ ವಿಐಡಿ ಖಾಲಿಯಿರುತ್ತದೆ, ಅದನ್ನು ಹೆಕ್ಸ್‌ಗೆ ತಿರುಗಿಸಲು ಹೋದರೆ ಎರರ್. ಇಂಥ ಎರಡು ನ್ಯಾನೊ ಒಟ್ಟಿಗೆ ಚುಚ್ಚಿದರೆ ಜೋಡಿಯೂ ಒಂದೇ; ಸಿಎಚ್340ರಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರೂ ಇರುವುದಿಲ್ಲ. ಆಗ ಲೊಕೇಶನ್, ಅಂದರೆ ಯಾವ ಯುಎಸ್‌ಬಿ ಕಿಂಡಿ ಅನ್ನುವುದನ್ನು ನೋಡಬೇಕು.

ಲಿನಕ್ಸ್‌ನಲ್ಲಿ ಪಟ್ಟಿಗೆ ಬಂದ ಪೋರ್ಟ್ ತೆರೆಯಲು ಅನುಮತಿ ಇಲ್ಲ ಅಂದರೆ, ಉಬುಂಟುವಿನಲ್ಲಿ ನಿಮ್ಮ ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ ಲಾಗ್‌ಔಟ್ ಆಗಿ ಬನ್ನಿ. ಉಬುಂಟು 22.04ರಲ್ಲಿ ಇನ್ನೊಂದು ಕಾಟ: ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ, ಸಿಎಚ್340ನ್ನು ತನ್ನದೇ ಸಾಧನ ಅಂದುಕೊಂಡು ಕಸಿದುಕೊಳ್ಳುತ್ತದೆ; ಪೋರ್ಟ್ ಕಂಡಂತಾಗಿ ಮಾಯ. ಬ್ರೈಲ್ ಸಾಧನ ಬಳಸದಿದ್ದರೆ ಅದನ್ನು ತೆಗೆದುಹಾಕಬಹುದು.

ಬೋರ್ಡ್ ತೆಗೆದು ಒಮ್ಮೆ, ಚುಚ್ಚಿ ಒಮ್ಮೆ ಪಟ್ಟಿ ಪ್ರಿಂಟ್ ಮಾಡಿ. ಎರಡೂ ಒಂದೇ ಬಂದರೆ ಕೋಡ್ ತಿದ್ದಬೇಡಿ, ಮೊದಲು ಕೇಬಲ್ ಬದಲಿಸಿ: ಚಾರ್ಜಿಂಗ್‌ಗಷ್ಟೇ ಮಾಡಿದ ಕೇಬಲ್ಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ಬೋರ್ಡಿನ ದೀಪ ಮಾತ್ರ ಚೆನ್ನಾಗಿ ಉರಿಯುತ್ತದೆ.