ಲೈಬ್ರರಿ ಬೋರ್ಡ್, ಮೂರನೇ ವಾರ: ಶೀಟು ಒಲೆ ಮೇಲಿದೆ

ಮೊದಲು ಕೆಟ್ಟ ಸುದ್ದಿ. ಹೋದ ವಾರ ಅಂಟಿಸಿದ್ದ ಡ್ರಾಯಿಂಗ್ ಶೀಟು ಥಂಡಿ ಹಿಡಿದ ಹಪ್ಪಳದ ಹಾಗೆ ಮೆತ್ತಗಾಗಿ ನಾಲ್ಕೂ ಮೂಲೆ ಎದ್ದಿದೆ. ಸೋಮವಾರಪೇಟೆ ಕಡೆ ಜುಲೈನಲ್ಲಿ ಗೋಂದು ಒಣಗುತ್ತದೆ ಅಂತ ನಂಬಿದ್ದು ನನ್ನದೇ ತಪ್ಪು. ಈಗ ಅದು ಒಲೆ ಮೇಲಿನ ಹಗ್ಗದಲ್ಲಿ ಮಕ್ಕಳ ಸಾಕ್ಸ್ ಪಕ್ಕ ನೇತಾಡುತ್ತಿದೆ. ಹೊಗೆ ಹಿಡಿದು ಹಳೇ ಜಮೀನು ಪತ್ರದ ಬಣ್ಣ ಬಂದಿದೆ, ಇರಲಿ ಬಿಡಿ.

ಹೊಸಬರಿಗೆ: ನಮ್ಮೂರ ಅರಿವು ಕೇಂದ್ರಕ್ಕೆ ಮಳೆಗಾಲದಲ್ಲಿ ಒಂದೊಂದು ವಿಷಯದ ಗೋಡೆ ಬೋರ್ಡ್ ಮಾಡುತ್ತೇನೆ. ಈ ಸಲ ಐರ್ಲೆಂಡಿನ ಪೊಲೀಸ್ ಪಡೆ, ಅಂದರೆ ಗಾರ್ಡಾ. ಅದನ್ನು ಸರಿ ಮಾಡಲು 2018ರಲ್ಲಿ ಹೊರಗಿನವರನ್ನು ಮುಖ್ಯಸ್ಥರಾಗಿ ತಂದ ಕಥೆ.

ಎಡಗಡೆ ಭಾಗ ಮುಗಿದಿದೆ, ಅಲ್ಲಿ ಕಾರಣ ಬರೆದಿದ್ದೇನೆ. ರಸ್ತೆಯಲ್ಲಿ ಕುಡಿದು ಓಡಿಸುವವರನ್ನು ಊದಿಸಿ ಪರೀಕ್ಷೆ ಮಾಡುತ್ತಾರಲ್ವಾ, ಅಂಥ 14 ಲಕ್ಷಕ್ಕೂ ಜಾಸ್ತಿ ಪರೀಕ್ಷೆಗಳು ಪುಸ್ತಕದಲ್ಲಿ ಮಾತ್ರ ಇದ್ದವು, ಯಾರೂ ಊದಿರಲೇ ಇಲ್ಲ. ಅದು 2017ರಲ್ಲಿ ಹೊರಬಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಗಿನ ಕಮಿಷನರ್, ಅಂದರೆ ಗಾರ್ಡಾ ಮುಖ್ಯಸ್ಥರು, ಹುದ್ದೆ ಬಿಟ್ಟರು. ಮುಂದಿನ ಸೆಪ್ಟೆಂಬರಿನಲ್ಲಿ ಡ್ರೂ ಹ್ಯಾರಿಸ್ ಬಂದರು. ಗಡಿಯಾಚೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಪೊಲೀಸಿನಲ್ಲಿ ಎರಡನೇ ಸ್ಥಾನದಲ್ಲಿದ್ದವರು. ಅವರ ತಂದೆಯೂ ಪೊಲೀಸ್ ಅಧಿಕಾರಿ, 1989ರಲ್ಲಿ ಐಆರ್‌ಎ (ಎರಡೂ ಐರ್ಲೆಂಡ್ ಒಂದಾಗಬೇಕು ಅಂತ ಬಂದೂಕು ಹಿಡಿದಿದ್ದ ಗುಂಪು) ಬಾಂಬಿಗೆ ಬಲಿಯಾದವರು. ಅಂಥವರನ್ನು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ಕರೆತಂದು ಕೂರಿಸಿದ್ದು ಸಣ್ಣ ವಿಷಯ ಅಲ್ಲ. ಇಲ್ಲಿ ಇನ್ನೊಂದು ಮಾತು ಸೇರಿಸಿದ್ದೇನೆ: ಗಾರ್ಡಾದಲ್ಲಿ ಹೆಚ್ಚಿನವರು ಬಂದೂಕು ಹಿಡಿಯುವುದೇ ಇಲ್ಲ. ಮನೆಮನೆಯಲ್ಲಿ ಕೋವಿ ಇರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಯಾರೂ ನಂಬುವುದಿಲ್ಲ ಅಂತ ಗೊತ್ತು.

ನಡುವಿನ ಭಾಗ ಹಾಳು ಮಾಡಿಕೊಂಡಿದ್ದೇನೆ. ಅಲ್ಲಿ ಹ್ಯಾರಿಸ್ ಅವರ ಚಿತ್ರ ದೊಡ್ಡದಾಗಿ ಬರೆದು ಸುತ್ತ ಬಾಣ ಹಾಕಿದ್ದೆ, ಸಿನಿಮಾ ಪೋಸ್ಟರ್ ತರ. ಆಮೇಲೆ 2023ರ ವಿಷಯ ಬರೆಯಲು ಕೂತಾಗ ಎಲ್ಲ ತಲೆಕೆಳಗಾಯಿತು. ಡ್ಯೂಟಿ ಪಾಳಿ ಜಗಳದಲ್ಲಿ ಕೆಳಹಂತದ ಪೊಲೀಸರ ಸಂಘ ಮತ ಹಾಕಿಸಿತು, ಹಾಕಿದವರಲ್ಲಿ ನೂರಕ್ಕೆ 98ಕ್ಕೂ ಜಾಸ್ತಿ ಮಂದಿ ಹ್ಯಾರಿಸ್ ಮೇಲೆ ನಂಬಿಕೆ ಇಲ್ಲ ಅಂದರು. ಆದರೂ ಅವರು 2025ರವರೆಗೆ ಇದ್ದರು. ಇದಕ್ಕೆ ಪೋಸ್ಟರಿನಲ್ಲಿ ಜಾಗವೇ ಇರಲಿಲ್ಲ. ಚಿತ್ರ ಅಳಿಸಿ ಒಂದು ಖಾಲಿ ಕುರ್ಚಿ ಬರೆದೆ. ಕುರ್ಚಿ ಕಾಲು ಸೊಟ್ಟಗಿದೆ, ಬೇಕಂತ ಮಾಡಿದ್ದಲ್ಲ.

ಬಲಗಡೆ ಭಾಗ ನನ್ನ ಪ್ಲಾನಿನಲ್ಲೇ ಇರಲಿಲ್ಲ. ಶನಿವಾರ ಲೈಬ್ರರಿಯಲ್ಲಿ ಅಳತೆ ತೆಗೆಯುತ್ತಿದ್ದಾಗ ಏಳನೇ ಕ್ಲಾಸಿನ ಹುಡುಗಿ ಕೇಳಿದಳು, "ಅಂಕಲ್, ಹಾಗಾದ್ರೆ ಇಡೀ ಇಂಡಿಯಾದ ಪೊಲೀಸ್ ಮುಖ್ಯಸ್ಥರು ಯಾರು?" ಯಾರೂ ಇಲ್ಲ ಅಂದರೆ ನಗುತ್ತಾಳೆ. ನಮ್ಮಲ್ಲಿ ಪೊಲೀಸ್ ರಾಜ್ಯದ ವಿಷಯ, ಪ್ರತಿ ರಾಜ್ಯಕ್ಕೂ ಒಬ್ಬ ಡಿಜಿಪಿ. ಆ ಕುರ್ಚಿಗೆ ಯಾರನ್ನು ಹೇಗೆ ಆರಿಸಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಕೇಸಿನಲ್ಲಿ ಹೇಳಿದೆ. ಯುಪಿಎಸ್‌ಸಿ ಪಟ್ಟಿ ಮಾಡಿದ ಮೂವರು ಹಿರಿಯರಲ್ಲಿ ಒಬ್ಬರು, ಕನಿಷ್ಠ ಎರಡು ವರ್ಷ. ಕೇಸು ಹಾಕಿದವರೂ ನಿವೃತ್ತ ಡಿಜಿಪಿಯೇ, ಅದೂ 1996ರಲ್ಲಿ. ಹತ್ತು ವರ್ಷ ಕಾದರು. ರಾಜ್ಯಗಳು ಹಂಗಾಮಿ ಡಿಜಿಪಿ ಅಂತ ಅಡ್ಡದಾರಿ ಹಿಡಿದಾಗ ಅದೂ ಬೇಡ ಅಂತ ಕೋರ್ಟ್ 2018ರಲ್ಲಿ ಮತ್ತೆ ಹೇಳಬೇಕಾಯಿತು. ಐರ್ಲೆಂಡಿಗೆ ಹೊಸಬರು ಬಂದ ವರ್ಷವೇ! ಎರಡನ್ನೂ ಒಂದೇ ಕೆಂಪು ದಾರದಲ್ಲಿ ಕಟ್ಟಿದ್ದೇನೆ.

ಆ ಹುಡುಗಿಯ ಪ್ರಶ್ನೆಯನ್ನೇ ಬಲಗಡೆಗೆ ತಲೆಬರಹ ಮಾಡಿದೆ. ನಮ್ಮಾಕೆ ನೋಡಿ, ಅಕ್ಷರ ಚಿಕ್ಕದಾಯ್ತು, ಕನ್ನಡಕ ಇಲ್ಲದ ಅಜ್ಜಂದಿರು ಏನು ಓದುತ್ತಾರೆ ಅಂದಳು. ಸರಿಯೇ.

ಮುಂದಿನ ವಾರ ಶೀಟು ಬಿಟ್ಟು ಸಿಲ್ವರ್ ಓಕ್ ಹಲಗೆ ಮೇಲೆ ನೇರವಾಗಿ ಪೇಂಟ್ ಮಾಡುವ ಯೋಚನೆ ಇದೆ. ಹಲಗೆಗೆ ಬೂಸ್ಟು ಹಿಡಿಯದ ಹಾಗೆ ಏನು ಬಳಿಯಬೇಕು, ಗೊತ್ತಿದ್ದವರು ಹೇಳಿ.