ಮಾತ್ರೆಯ ಬಣ್ಣ ಬದಲಾದಾಗ

ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾಗಿ ಊರಿಗೆ ಬಂದವರನ್ನು "ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದರೆ ಎಲ್ಲರೂ "ಹೂಂ" ಎನ್ನುತ್ತಾರೆ. ಅದಕ್ಕೇ ನಾನು ಮಾತ್ರೆಯ ಕವರನ್ನೇ ತರಿಸಿ, ಮನೆಯವರ ಜೊತೆ ಕೂತು ಒಂದೊಂದಾಗಿ ನೋಡುತ್ತೇನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತೆಯಾಗಿ ಹಳ್ಳಿ ಸುತ್ತುತ್ತಾ ರೂಢಿಸಿಕೊಂಡ ಪದ್ಧತಿಯಿದು.

ಒಂದು ಮನೆಯಲ್ಲಿ ಒಲಾಂಜಪಿನ್ ಎಂಬ ಮಾನಸಿಕ ಕಾಯಿಲೆಯ ಔಷಧದ ಎರಡು ಸ್ಟ್ರಿಪ್ ಸಿಕ್ಕವು. ನಗರದಿಂದ ತಂದ ಹಳದಿ ಮಾತ್ರೆ ಮುಗಿದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಟ್ಟ ಬಿಳಿ ಮಾತ್ರೆಯಲ್ಲಿ ಒಂದನ್ನೂ ತೆಗೆದಿರಲಿಲ್ಲ. "ಇದು ಬೇರೆ ಮಾತ್ರೆ ಮೇಡಂ, ಕೊಟ್ಟು ಏನಾದರೂ ಆದರೆ?" ಎಂದರು ತಾಯಿ. ಕಂಪನಿ ಬೇರೆ, ಔಷಧವೂ ಪ್ರಮಾಣವೂ ಒಂದೇ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಮಗನ ನಿದ್ದೆ ಕೆಟ್ಟು, ರಾತ್ರಿಯೆಲ್ಲ ಅಂಗಳದಲ್ಲಿ ಓಡಾಡತೊಡಗಿದ್ದ. ಕಡತದಲ್ಲಿ ಇಂಥವರನ್ನು "ಚಿಕಿತ್ಸೆಗೆ ಸಹಕರಿಸುತ್ತಿಲ್ಲ" ಎಂದು ಬರೆದು ಮುಗಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ತಾಯಿಯಷ್ಟು ಎಚ್ಚರದಿಂದ ನೋಡಿಕೊಳ್ಳುವವರು ಎಷ್ಟು ಜನರಿದ್ದಾರೆ?

ಎರಡೂ ಸ್ಟ್ರಿಪ್‌ಗಳನ್ನು ಪಕ್ಕಪಕ್ಕ ಇಟ್ಟು, ಹೈಸ್ಕೂಲಿಗೆ ಹೋಗುವ ತಂಗಿಯಿಂದ ಸಣ್ಣ ಅಕ್ಷರದ ಔಷಧದ ಹೆಸರನ್ನು ಓದಿಸಿದೆ. ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿದೆ. ಡಿಸ್ಚಾರ್ಜ್ ಚೀಟಿಯಲ್ಲಿ 0-0-1 ಎಂದಿದ್ದುದನ್ನು ಅದರ ಹಿಂಬದಿಯಲ್ಲಿ "ರಾತ್ರಿ ಊಟವಾದ ಮೇಲೆ ಒಂದು" ಎಂದು ಕನ್ನಡದಲ್ಲಿ ಬರೆದೆ. ಕೆಳಗೆ ಟೆಲಿ ಮಾನಸ್ ಸಹಾಯವಾಣಿ 14416.

ಬಿಡುಗಡೆಯ ಯೋಜನೆ ವಾರ್ಡಿನಲ್ಲೇ ಆಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೇ ಕಲಮು ಹೇಳುವುದೂ ಅದನ್ನೇ: ರೋಗಿ, ಅವರನ್ನು ನೋಡಿಕೊಳ್ಳುವವರು, ಮುಂದೆ ಚಿಕಿತ್ಸೆ ಕೊಡುವ ಮನೋವೈದ್ಯರು ಎಲ್ಲರೊಂದಿಗೆ ಮಾತನಾಡಿ ಯೋಜನೆ ಮಾಡಬೇಕು. ಆದ್ದರಿಂದ ವಾರ್ಡಿನವರು ನನಗೆ ಮೊದಲೇ ಫೋನ್ ಮಾಡಲಿ ಎಂದು ಬೇಡುತ್ತೇನೆ. ಬರೆದುಕೊಟ್ಟ ಔಷಧ ನಮ್ಮ ತಾಲ್ಲೂಕಿನಲ್ಲಿ ಸಿಗುತ್ತದೆಯೇ? ಆಗಾಗ ರಕ್ತಪರೀಕ್ಷೆ ಬೇಕಾಗುವ ಲಿಥಿಯಂ ಅಥವಾ ಕ್ಲೋಜಪಿನ್ ಆದರೆ ಆ ಪರೀಕ್ಷೆ ಎಲ್ಲಿ? ಇಂಜೆಕ್ಷನ್ ಆದರೆ ಮುಂದಿನ ದಿನಾಂಕ ಯಾವುದು? ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಅಂಗವಿಕಲರ ಪಿಂಚಣಿಯ ವಿಷಯಕ್ಕೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ ಎಂಬುದು ಬಹಳ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಅದಕ್ಕಿಂತ ಕಷ್ಟದ್ದು, ಬಿಡುಗಡೆಯಾಗಿ ಬಂದವರನ್ನು ಮನೆಯವರೇ "ಸೋಮಾರಿ" ಎನ್ನುವ ಮಾತು. ಯಾವುದರಲ್ಲೂ ಉಮೇದು ಇಲ್ಲದಿರುವುದು ಕಾಯಿಲೆಯದೇ ಲಕ್ಷಣವಿರಬಹುದು, ಮಂಪರು ಔಷಧದ್ದಿರಬಹುದು. ತಂದೆಯನ್ನು ಪಕ್ಕಕ್ಕೆ ಕರೆದು ಇದನ್ನು ಬಿಡಿಸಿ ಹೇಳುತ್ತೇನೆ. ಮೊದಲಿಗೆ ಡೇರಿಗೆ ಹಾಲು ಹಾಕಿ ಬರುವಂಥ ಒಂದೇ ಕೆಲಸ ಸಾಕು; ಹೊಲದ ಕೆಲಸ ಆಮೇಲೆ.

ಆಶಾ ಕಾರ್ಯಕರ್ತೆಗೆ, ನೆರೆಯವರಿಗೆ ಏನು ಹೇಳಬೇಕು ಎಂಬುದನ್ನು ಮಾತ್ರ ಬಿಡುಗಡೆಯಾಗಿ ಬಂದವರೇ ತೀರ್ಮಾನಿಸಬೇಕು. ಬೇಡ ಎಂದವರ ಮನೆಗೆ ನಾನು ಹೋಗುವುದಿಲ್ಲ. ಅವರು ಸಂತೆಗೆ ಬಂದ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಭೇಟಿಯಾಗುತ್ತೇವೆ. ಮಾತ್ರೆಯ ಕವರನ್ನು ಅವರೇ ತರುತ್ತಾರೆ.